ಪಂಪೇ ಇಲ್ಲದ ಪೈಪ್‌ಲೈನ್

ಮೊದಲೇ ಹೇಳಿಬಿಡ್ತೀವಿ, ನಮ್ಮ ಕನ್ನಡದಲ್ಲಿ ತಪ್ಪುಗಳಿರುತ್ತವೆ. ಎಲ್‌ಕೆಜಿಯಿಂದಲೂ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ಕೊನೆಯ ಸಲ ಉದ್ದವಾಗಿ ಬರೆದಿದ್ದು ಹತ್ತನೇ ಕ್ಲಾಸಿನ ಪ್ರಬಂಧ, ಅದೂ ಗೈಡ್ ನೋಡಿಕೊಂಡು. ಆದರೆ ಈ ವಿಷಯ ನಮ್ಮ ಮನೆಯಲ್ಲಿ ನಡೆದಿದ್ದು ಕನ್ನಡದಲ್ಲಿ. ಅತ್ತಿದ್ದು, ಜಗಳ ಆಡಿದ್ದು, ಲೆಕ್ಕ ಹಾಕಿದ್ದು ಎಲ್ಲಾ ಕನ್ನಡದಲ್ಲೇ. ಹಾಗಾಗಿ ಕನ್ನಡ ಸಂಘದ ಪತ್ರಿಕೆಗೇ ಕೊಡೋಣ ಅನ್ನಿಸಿತು.

ಇನ್ನೊಂದು ಮಾತು. ಇದರಲ್ಲಿ ‘ನಾನು’ ಅಂತ ಬರೆಯೋಕೆ ಬರ್ತಿಲ್ಲ. ಅಪ್ಪ, ಅಮ್ಮ, ಅಜ್ಜಿ, ಹಾಸ್ಟೆಲ್ ರೂಮಿನಲ್ಲಿ ಕೂತು ಇದನ್ನು ಟೈಪ್ ಮಾಡ್ತಿರೋ ದೊಡ್ಡ ಮಗ, ಎಲ್ಲರೂ ಸೇರಿ ಮಾಡಿದ ತಪ್ಪು ಇದು, ಎಲ್ಲರೂ ಸೇರಿಯೇ ತಿದ್ದಿಕೊಂಡಿದ್ದು. ಕಾಯಿಲೆ ಇರೋದು ತಂಗಿಗೆ. ಅವಳನ್ನು ಕೇಳಿಯೇ ಬರೀತಿದ್ದೀವಿ. ಅವಳು ಹಾಕಿದ ಷರತ್ತು ಒಂದೇ: “ಓದಿದವರು ಅಯ್ಯೋ ಪಾಪ ಅನ್ನೋ ಹಂಗೆ ಬರೀಬೇಡ ಅಣ್ಣಾ.”

ನಮ್ಮೂರು ಚನ್ನರಾಯಪಟ್ಟಣ. ಅಪ್ಪನದು ಮೋಟರ್ ರಿವೈಂಡಿಂಗ್ ಅಂಗಡಿ. ಬೇಸಿಗೆ ಬಂತು ಅಂದ್ರೆ ಸುತ್ತಲ ಹಳ್ಳಿಗಳ ಸುಟ್ಟ ಪಂಪ್‌ಸೆಟ್ಟೆಲ್ಲಾ ನಮ್ಮ ಅಂಗಡಿ ಮುಂದೆ ಸಾಲಾಗಿ ನಿಲ್ತವೆ. 2022ರ ಜೂನ್‌ನಲ್ಲಿ ತಂಗಿ ಎಂಟನೇ ಕ್ಲಾಸು, ಹದಿಮೂರು ವರ್ಷ. ಒಂದಿನ ಸ್ಕೂಲಿಂದ ಬಂದು ಶೂ ಬಿಚ್ಚಿದಾಗ ಎಡಗಾಲಿನ ಮೇಲ್ಭಾಗ ಸ್ವಲ್ಪ ಉಬ್ಬಿತ್ತು. ನೋವಿಲ್ಲ, ಕೆಂಪಿಲ್ಲ. ಬೆರಳಲ್ಲಿ ಒತ್ತಿದರೆ ಗುಳಿ ಬೀಳುತ್ತೆ, ನಿಧಾನಕ್ಕೆ ತುಂಬಿಕೊಳ್ಳುತ್ತೆ. ಬೆಳಿಗ್ಗೆ ಎದ್ದಾಗ ಕಮ್ಮಿ, ಸಂಜೆಗೆ ಜಾಸ್ತಿ. ಥ್ರೋಬಾಲ್ ಆಡ್ತಾಳಲ್ಲ, ಉಳುಕಿರಬೇಕು ಅಂದುಕೊಂಡೆವು. ಅಜ್ಜಿ ಹರಳೆಲೆ ಬಿಸಿ ಮಾಡಿ ಕಟ್ಟಿದರು. ಶಾಖ ಕೊಟ್ಟರೆ ಈ ಊತ ಇನ್ನೂ ಜಾಸ್ತಿ ಆಗುತ್ತೆ ಅಂತ ಆಗ ನಮಗೆ ಯಾರಿಗೂ ಗೊತ್ತಿರಲಿಲ್ಲ.

ಮುಂದಿನ ಹದಿನಾಲ್ಕು ತಿಂಗಳನ್ನು ಚಿಕ್ಕದಾಗಿ ಹೇಳ್ತೀವಿ, ಯಾಕಂದ್ರೆ ಅದರಲ್ಲಿ ಹೇಳಿಕೊಳ್ಳೋ ಅಂಥದ್ದು ಏನೂ ಇಲ್ಲ. ಒಬ್ಬ ಡಾಕ್ಟರು ಉಳುಕು ಅಂದರು, ಕ್ರೇಪ್ ಬ್ಯಾಂಡೇಜ್ ಕೊಟ್ಟರು. ಇನ್ನೊಬ್ಬರು “ನೀರು ತುಂಬಿದೆ” ಅಂತ ಮೂತ್ರ ಹೆಚ್ಚು ಬರೋ ಮಾತ್ರೆ ಕೊಟ್ಟರು. ರಾತ್ರಿಯೆಲ್ಲಾ ಬಾತ್‌ರೂಮಿಗೆ ಓಡಿದ್ದೇ ಬಂತು, ಕಾಲು ಹಾಗೇ ಇತ್ತು. ಕಿಡ್ನಿ, ಹೃದಯ, ಥೈರಾಯ್ಡ್ ಟೆಸ್ಟ್ ನಾರ್ಮಲ್. ರಕ್ತನಾಳದ ಡಾಪ್ಲರ್ ಸ್ಕ್ಯಾನೂ ನಾರ್ಮಲ್. ರಿಪೋರ್ಟ್ ಎಲ್ಲಾ ನಾರ್ಮಲ್, ಕಾಲು ಮಾತ್ರ ದಪ್ಪ. ವರ್ಷ ಕಳೆಯೋದ್ರೊಳಗೆ ಊತ ಪಾದದಿಂದ ಮೊಣಕಾಲಿನವರೆಗೂ ಹತ್ತಿತ್ತು. ಸ್ಕೂಲ್ ಶೂ ತಗೊಳ್ಳೋಕೆ ಹೋದಾಗ ಬಲಗಾಲಿಗೆ ಸೈಜ್ 5, ಎಡಗಾಲಿಗೆ 7. ಅಪ್ಪ ಮಾತಾಡದೆ ಎರಡು ಜೊತೆ ತಗೊಂಡರು. ಉಳಿದ ಒಂದು ಬಲಗಾಲಿನ 7, ಒಂದು ಎಡಗಾಲಿನ 5 ನಮ್ಮ ಅಟ್ಟದ ಮೇಲೆ ಈಗಲೂ ಇವೆ.

ಆಮೇಲೆ ಆ ಪದ ಬಂತು. ಆನೆಕಾಲು. ಹೇಳಿದ್ದು ಡಾಕ್ಟರಲ್ಲ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ ನೆಂಟರೊಬ್ಬರು. ಮೆತ್ತಗೆ, ಅಮ್ಮನ ಕಿವೀಲಿ. “ಈಗ್ಲೇ ಯಾರ್ಗೂ ಗೊತ್ತಾಗ್ದಂಗೆ ನೋಡ್ಕೊಳ್ಳವ್ವ, ಹೆಣ್ಮಗಾ.” ತಂಗಿ ಪಕ್ಕದಲ್ಲೇ ಕೂತಿದ್ದಳು. ಅವತ್ತಿಂದ ಥ್ರೋಬಾಲ್ ನಿಂತಿತು. ಯೂನಿಫಾರ್ಮಿನ ಸ್ಕರ್ಟ್ ಬದಲು ಚೂಡಿದಾರಕ್ಕೆ ಸ್ಕೂಲಲ್ಲಿ ಪರ್ಮಿಷನ್ ತಗೊಂಡೆವು. ಹೌದು, ನಾವೇ ತಗೊಂಡೆವು. ಅವಳ ಕಾಲನ್ನು ಮುಚ್ಚಿಡೋ ಕೆಲಸದಲ್ಲಿ ನಮ್ಮ ಮನೆಯವರಷ್ಟು ಚುರುಕಾಗಿ ಇನ್ಯಾರೂ ಇರಲಿಲ್ಲ.

ಆನೆಕಾಲು ಅಂದ್ರೆ ಫೈಲೇರಿಯಾ. ನಮ್ಮ ದೇಶದಲ್ಲಿ ಹೆಚ್ಚಾಗಿ ವುಚರೇರಿಯಾ ಬ್ಯಾಂಕ್ರಾಫ್ಟಿ ಅನ್ನೋ ದಾರದಂಥ ಹುಳದಿಂದ ಬರುತ್ತೆ, ಕ್ಯೂಲೆಕ್ಸ್ ಸೊಳ್ಳೆ ಹರಡುತ್ತೆ. ಹುಳ ಹೋಗಿ ಕೂರೋದು ದುಗ್ಧನಾಳಗಳಲ್ಲಿ, ಅಂದ್ರೆ ಲಿಂಫ್ ನಾಳಗಳಲ್ಲಿ. ಇದಕ್ಕೆ ಕೊಡುವ ಡಿಇಸಿ ಔಷಧಿಯನ್ನು 1940ರ ದಶಕದಲ್ಲಿ ಕಂಡುಹಿಡಿದ ತಂಡದ ಮುಖ್ಯಸ್ಥರು ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅಮೆರಿಕದ ಲೆಡರ್ಲೆ ಲ್ಯಾಬ್‌ನಲ್ಲಿ ಕೆಲಸ ಮಾಡ್ತಿದ್ದವರು. ಕರ್ನಾಟಕದಲ್ಲಿ ಈ ರೋಗ ಜಾಸ್ತಿ ಕಂಡಿದ್ದು ಕಲಬುರಗಿ, ಯಾದಗಿರಿ, ಬೀದರ್, ರಾಯಚೂರು ಕಡೆ, ಮತ್ತೆ ಕರಾವಳಿಯಲ್ಲಿ. ಹಾಸನ ಜಿಲ್ಲೆ ಆ ಪಟ್ಟಿಯಲ್ಲಿಲ್ಲ. ಆದರೂ ತಂಗಿಗೆ ರಾತ್ರಿ ಹತ್ತು ಗಂಟೆ ಮೇಲೆ ರಕ್ತ ತೆಗೆಸಿದೆವು. ರಾತ್ರಿಯೇ ಯಾಕೆ ಅಂದ್ರೆ, ಈ ಹುಳದ ಮರಿಗಳು ಹಗಲಲ್ಲಿ ಒಳಗೆ ಅಡಗಿದ್ದು, ಸೊಳ್ಳೆ ಕಚ್ಚೋ ಹೊತ್ತಿಗೆ ಸರಿಯಾಗಿ ಮೇಲಿನ ರಕ್ತಕ್ಕೆ ಬರ್ತವೆ. ಟೈಮಿಂಗ್ ನೋಡಿ ಹುಳಕ್ಕೆ! ರಿಪೋರ್ಟ್ ನೆಗೆಟಿವ್. ಅದಾದ ಮೇಲೂ ಒಬ್ಬರು “ಯಾವುದಕ್ಕೂ ಇರಲಿ” ಅಂತ ಡಿಇಸಿ ಕೋರ್ಸ್ ಕೊಟ್ಟರು. ಏನೂ ಬದಲಾಗಲಿಲ್ಲ.

2023ರ ಆಗಸ್ಟ್‌ನಲ್ಲಿ, ಬೇರೆ ಕೆಲಸಕ್ಕೆ ಬೆಂಗಳೂರಿಗೆ ಹೋದವರು ಅಲ್ಲೊಬ್ಬರು ಡಾಕ್ಟರಿಗೆ ತೋರಿಸಿದೆವು. ಅವರು ಫೈಲ್ ತೆಗೆಯೋಕೆ ಮೊದಲು ತಂಗಿಯ ಎಡಗಾಲಿನ ಎರಡನೇ ಬೆರಳ ಬುಡದ ಚರ್ಮವನ್ನು ಚಿವುಟಿ ಎತ್ತೋಕೆ ನೋಡಿದರು. ಬರಲಿಲ್ಲ. ಬಲಗಾಲಲ್ಲಿ ಸುಲಭವಾಗಿ ಬಂತು. ಇದಕ್ಕೆ ಸ್ಟೆಮ್ಮರ್ ಚಿಹ್ನೆ ಅಂತಾರಂತೆ, 1976ರಲ್ಲಿ ಸ್ಟೆಮ್ಮರ್ ಅನ್ನೋ ವೈದ್ಯರು ಬರೆದಿದ್ದು. ಖರ್ಚು ಸೊನ್ನೆ, ಟೈಮು ಐದು ಸೆಕೆಂಡು. ಹದಿನಾಲ್ಕು ತಿಂಗಳಲ್ಲಿ ಆ ಬೆರಳನ್ನು ಯಾರೂ ಚಿವುಟಿರಲಿಲ್ಲ.

ಖಚಿತಪಡಿಸಿಕೊಳ್ಳೋಕೆ ಲಿಂಫೋಸಿಂಟಿಗ್ರಫಿ ಬರೆದುಕೊಟ್ಟರು. ಇಸಿಇ ಗೆಳೆಯರಿಗೆ ಇದು ಇಷ್ಟ ಆಗುತ್ತೆ. ಕಾಲ್ಬೆರಳುಗಳ ಸಂದಿಯಲ್ಲಿ ಟೆಕ್ನೀಷಿಯಂ-99ಎಂ ಸೇರಿಸಿದ ಸಣ್ಣ ಕಣಗಳ ದ್ರವವನ್ನು ಇಂಜೆಕ್ಟ್ ಮಾಡ್ತಾರೆ. ಕಣಗಳು ರಕ್ತನಾಳಕ್ಕೆ ನುಗ್ಗೋಕೆ ದೊಡ್ಡವು, ಲಿಂಫ್ ನಾಳಕ್ಕೆ ಸರಿಹೋಗುತ್ತವೆ. ಅವು ಹೊರಡಿಸೋ 140 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನ ಗಾಮಾ ಕಿರಣವನ್ನು ಕ್ಯಾಮೆರಾ ಹಿಡಿಯುತ್ತೆ. ಅರ್ಧಾಯುಷ್ಯ ಆರೇ ಗಂಟೆ, ಹಾಗಾಗಿ ಮೈಯಲ್ಲಿ ಬಹಳ ಹೊತ್ತು ಉಳಿಯಲ್ಲ. ಸ್ಕ್ರೀನಿನಲ್ಲಿ ಬಲಗಾಲಿನಿಂದ ಒಂದು ಗೆರೆ ಮೇಲಕ್ಕೆ ಹೋಗಿ ತೊಡೆಸಂದಿಯ ಗಂಟುಗಳು ಚುಕ್ಕಿಗಳ ಥರ ಹೊಳೆದವು. ಎಡಗಾಲಲ್ಲಿ ಗೆರೆಯೇ ಇಲ್ಲ. ಪಾದದ ಸುತ್ತ ಚರ್ಮದಡಿ ಮಸಿ ಚೆಲ್ಲಿದ ಹಾಗೆ ಹರಡಿಕೊಂಡಿತ್ತು, ಅಷ್ಟೇ. ಆ ಚಿತ್ರ ನೋಡಿದಾಗ ಅಮ್ಮ ಕೇಳಿದ್ದು ಇದು: “ಹಂಗಾದ್ರೆ ಅವಳು ಸುಳ್ಳು ಹೇಳ್ತಿರ್ಲಿಲ್ಲ, ಅಲ್ವಾ?” ಕಾಲು ಭಾರ, ನಡೆಯೋಕಾಗಲ್ಲ ಅಂತ ತಂಗಿ ಹೇಳಿದಾಗಲೆಲ್ಲಾ ಸ್ಕೂಲ್ ತಪ್ಪಿಸ್ಕೊಳ್ಳೋಕೆ ಅಂತ ನಾವು ಬೈದಿದ್ದೆವು.

ಕಾಯಿಲೆಯ ಹೆಸರು ಪ್ರೈಮರಿ ಲಿಂಫೆಡಿಮಾ. ಹುಟ್ಟುವಾಗಲೇ ಆ ಕಾಲಿನ ಲಿಂಫ್ ನಾಳಗಳು ಸರಿಯಾಗಿ ಬೆಳೆದಿರಲ್ಲ. 1892ರಲ್ಲಿ ಅಮೆರಿಕದ ಮಿಲ್‌ರಾಯ್ ಅನ್ನೋ ವೈದ್ಯ ಒಂದೇ ಕುಟುಂಬದ ಆರು ತಲೆಮಾರಿನಲ್ಲಿ 22 ಜನಕ್ಕೆ ಹುಟ್ಟಿನಿಂದಲೇ ಕಾಲು ಊದಿದ್ದನ್ನು ದಾಖಲಿಸಿದರು. 1898ರಲ್ಲಿ ಫ್ರಾನ್ಸಿನ ಮೇಜ್, ದೊಡ್ಡವರಾಗೋ ವಯಸ್ಸಿನಲ್ಲಿ ಶುರುವಾಗೋ ಇನ್ನೊಂದು ಬಗೆಯನ್ನು ಬರೆದರು. ತಂಗಿಯದು ಈ ಎರಡನೇ ಬಗೆ, ಹುಡುಗೀರಲ್ಲೇ ಜಾಸ್ತಿಯಂತೆ. ಎಷ್ಟು ಅಪರೂಪ ಅಂದ್ರೆ, 1985ರಲ್ಲಿ ಬಂದ ಅಮೆರಿಕದ ಒಂದು ಅಧ್ಯಯನದ ಪ್ರಕಾರ 20 ವರ್ಷದೊಳಗಿನ ಒಂದು ಲಕ್ಷ ಜನರಲ್ಲಿ ಸುಮಾರು 1.15. ಸಿಇಟಿಯಲ್ಲಿ ಬರದ ರ್‍ಯಾಂಕು ಇದರಲ್ಲಿ ಬಂತು ಅಂತ ತಂಗಿ ಈಗ ನಗ್ತಾಳೆ. ಅವತ್ತು ನಗಲಿಲ್ಲ.

ಮನೆಗೆ ಬಂದ ಮೇಲೆ ಅಪ್ಪನಿಗೆ ಇದನ್ನು ಅರ್ಥ ಮಾಡಿಸಬೇಕಿತ್ತು. ರಕ್ತನಾಳದಿಂದ ಅಂಗಾಂಶಕ್ಕೆ ದ್ರವ ಸದಾ ಜಿನುಗುತ್ತಾ ಇರುತ್ತೆ, ಅದನ್ನೂ ಅದರ ಜೊತೆಗಿನ ಪ್ರೋಟೀನನ್ನೂ ಎತ್ತಿಕೊಂಡು ವಾಪಸ್ ರಕ್ತಕ್ಕೆ ತಲುಪಿಸೋದು ಲಿಂಫ್ ನಾಳಗಳ ಕೆಲಸ ಅಂತ ಪಿಯುಸಿ ಬಯಾಲಜಿ ನೆನಪು ಮಾಡಿಕೊಂಡು ಹೇಳಿದೆವು. ಅಪ್ಪ ಕೇಳಿದ ಮೊದಲ ಪ್ರಶ್ನೆ: “ಪಂಪ್ ಯಾವ್ದು?”

“ಪಂಪ್ ಇಲ್ಲಪ್ಪಾ. ರಕ್ತಕ್ಕೆ ಹೃದಯ ಇದೆ, ಇದಕ್ಕೆ ಆ ಥರ ಒಂದು ಪಂಪ್ ಅಂತ ಇಲ್ಲ.”

“ಮತ್ತೆ ಪಾದದಿಂದ ಎದೆವರ್ಗೂ ಹೆಂಗ್ ಹತ್ತುತ್ತೆ?”

ನಾಳದ ಗೋಡೆ ತಾನೇ ಸ್ವಲ್ಪ ಸ್ವಲ್ಪ ಹಿಂಡುತ್ತೆ. ನಡೆಯುವಾಗ ಮೀನಖಂಡ ಹಿಂಡುತ್ತೆ. ಉಸಿರಾಡುವಾಗ ಎದೆ ಎಳೆಯುತ್ತೆ. ಹತ್ತಿದ್ದು ಕೆಳಗೆ ಇಳಿಯದ ಹಾಗೆ ಅಲ್ಲಲ್ಲಿ ವಾಲ್ವ್‌ಗಳಿವೆ. ಅಪ್ಪ ತಟ್ಟನೆ “ಫುಟ್‌ವಾಲ್ವು!” ಅಂದರು. ಬಾವಿ ಪಂಪಿಗೆ ಕೆಳಗೆ ಫುಟ್‌ವಾಲ್ವ್ ಕೆಟ್ಟರೆ ನೀರೆಲ್ಲಾ ವಾಪಸ್ ಇಳಿಯುತ್ತಲ್ಲ, ಹಂಗೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವಳ್ನ ಓಡಾಡ್ಬೇಡ ಅಂತ ಕೂರ್ಸಿದ್ವಲ್ಲೋ. ಇದ್ದ ಒಂದು ಪಂಪೂ ನಾವೇ ಆಫ್ ಮಾಡ್ದಂಗಾಯ್ತು” ಅಂದರು. ಮೂರು ಡಾಕ್ಟರು ಹೇಳಿದ್ದಕ್ಕಿಂತ ಅದು ನಮಗೆ ಚೆನ್ನಾಗಿ ಅರ್ಥ ಆಯ್ತು.

ಗುಣ ಆಗುತ್ತಾ ಅಂತ ಕೇಳಿದ್ದಕ್ಕೆ ಡಾಕ್ಟರು ನೇರವಾಗಿ ಹೇಳಿದ್ದರು: ಪೂರ್ತಿ ಗುಣ ಆಗಲ್ಲ, ಹಿಡಿತದಲ್ಲಿ ಇಡಬಹುದು, ದಿನಾ ಕೆಲಸ ಮಾಡಬೇಕು. ತಡ ಮಾಡಿದಷ್ಟೂ ನಿಂತ ದ್ರವದಲ್ಲಿರೋ ಪ್ರೋಟೀನಿನಿಂದ ಅಂಗಾಂಶ ಗಟ್ಟಿಯಾಗ್ತಾ, ಕೊಬ್ಬು ತುಂಬ್ತಾ ಹೋಗುತ್ತೆ; ಆಮೇಲೆ ಬ್ಯಾಂಡೇಜಿಗೂ ಬಗ್ಗಲ್ಲ. ಆ ಹದಿನಾಲ್ಕು ತಿಂಗಳು ನಮ್ಮ ತಲೆಗೆ ಬಡಿದಿದ್ದು ಆಗ.

ಕಾಸರಗೋಡಿನ ಹೆಸರು ಗೊತ್ತಾಗಿದ್ದು ಹೀಗೆ ಹುಡುಕುವಾಗಲೇ. ಮಧೂರಿನ ಹತ್ತಿರ ಉಳಿಯತ್ತಡ್ಕದಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಅನ್ನೋ ಸಂಸ್ಥೆ ಇದೆ. ಚರ್ಮರೋಗ ತಜ್ಞ ಡಾ. ಎಸ್. ಆರ್. ನರಹರಿ 1999ರಲ್ಲಿ ಶುರುಮಾಡಿದ್ದು. ಅಲೋಪತಿ, ಆಯುರ್ವೇದ, ಯೋಗ ಮೂರನ್ನೂ ಸೇರಿಸಿ ಆನೆಕಾಲು ಮತ್ತು ಲಿಂಫೆಡಿಮಾಕ್ಕೆ ಚಿಕಿತ್ಸೆ ಕೊಡ್ತಾರೆ. ಆಕ್ಸ್‌ಫರ್ಡ್‌ನ ಪ್ರೊ. ಟೆರೆನ್ಸ್ ರಯಾನ್ ಅವರ ಜೊತೆ ಸೇರಿ ಸಂಶೋಧನಾ ಪತ್ರಿಕೆಗಳಲ್ಲಿ ಬರೆದಿದ್ದಾರೆ. ಕಲಬುರಗಿ ಮತ್ತು ಕೇರಳದ ಆಲಪ್ಪುಳ ಜಿಲ್ಲೆಯ ರೋಗಿಗಳಿಗೆ ಅವರವರ ಊರಲ್ಲೇ ಈ ಚಿಕಿತ್ಸೆ ಕಲಿಸಿ ನೋಡಿದ ಫಲಿತಾಂಶ 2013ರಲ್ಲಿ ಪ್ರಕಟವಾಗಿದೆ. ಇದನ್ನೆಲ್ಲಾ ಓದಿ ಆ ವರ್ಷದ ದಸರಾ ರಜೆಯಲ್ಲಿ ಹಾಸನದಿಂದ ರಾತ್ರಿ ರೈಲು ಹತ್ತಿದೆವು.

ಅಲ್ಲಿ ಪವಾಡ ಏನೂ ಇರಲಿಲ್ಲ. ಅದೇ ಒಳ್ಳೇದಾಯ್ತು. ದಿನಾ ಸೋಪಿನಿಂದ ಕಾಲು ತೊಳಿ, ಬೆರಳ ಸಂದಿಯೆಲ್ಲಾ ಒಣಗಿಸು, ಗಿಡಮೂಲಿಕೆಯ ಫಾಂಟದಲ್ಲಿ ಕಾಲು ನೆನೆಸು, ಯೋಗ ಮತ್ತು ಉಸಿರಾಟ ಮಾಡು, ಹಗುರವಾಗಿ ಕಾಲು ನೀವಿಸಿಕೋ, ಬ್ಯಾಂಡೇಜ್ ಸುತ್ತಿಸಿಕೊಂಡು ಮತ್ತೆ ಯೋಗ ಮಾಡು. ಸುಮಾರು ಎರಡು ವಾರ ಹೀಗೇ. ಜೊತೆಗೆ ಬಂದವರಿಗೂ ಪಾಠ, ಯಾಕಂದ್ರೆ ಮನೆಗೆ ಹೋದ ಮೇಲೆ ಮಾಡಬೇಕಾದವರು ನಾವೇ.

ಅಲ್ಲಿ ಕಲಬುರಗಿ ಕಡೆಯ ಒಬ್ಬ ಹಿರಿಯರು ಬಂದಿದ್ದರು. ಅವರದು ಫೈಲೇರಿಯಾ, ಎರಡೂ ಕಾಲು. ತಂಗಿ ಎರಡು ದಿನ ಅವರ ಕಡೆ ನೋಡಲೇ ಇಲ್ಲ. ಮುಂದೆ ತನ್ನದೂ ಹಾಗೇ ಆಗುತ್ತೆ ಅನ್ನೋ ಹೆದರಿಕೆ. ಮೂರನೇ ದಿನ ಅವರೇ ಕರೆದು ಮಾತಾಡಿಸಿದರು. “ಯವ್ವಾ, ನೀ ಭಾಳ ಲಗೂ ಬಂದಿ. ನಾ ಇಪ್ಪತ್ ವರ್ಸ ಧೋತರದಾಗ ಮುಚ್ಚಿಕೊಂಡು ತಿರುಗೀನಿ. ಮುಚ್ಚಿದ್ರ ಕಾಲ ಸಣ್ಣ ಆಗೂದಿಲ್ಲವ್ವಾ.” ತಂಗಿ ಏನೂ ಹೇಳಲಿಲ್ಲ. ಅಮ್ಮ ಮಾತ್ರ ಎದ್ದು ಹೊರಗೆ ಹೋದರು.

ಈಗ ಸ್ವಲ್ಪ ಮ್ಯಾಥ್ಸ್, ಬೇಜಾರು ಮಾಡ್ಕೋಬೇಡಿ. ಕಾಲು ಎಷ್ಟು ಇಳೀತು ಅಂತ ಕಣ್ಣಲ್ಲಿ ನೋಡಿ ಹೇಳೋಕಾಗಲ್ಲ. ಟೇಪಿನಲ್ಲಿ ಪ್ರತಿ 4 ಸೆಂಟಿಮೀಟರಿಗೆ ಒಂದು ಸಲ ಸುತ್ತಳತೆ ತಗೊಂಡು, ಎರಡು ಸುತ್ತಳತೆ ನಡುವಿನ ತುಂಡನ್ನು ತುದಿ ಕತ್ತರಿಸಿದ ಶಂಕು ಅಂತ ಲೆಕ್ಕ ಮಾಡಬಹುದು. ಮೇಲಿನ ಸುತ್ತಳತೆಯ ವರ್ಗ, ಕೆಳಗಿನದರ ವರ್ಗ, ಎರಡರ ಗುಣಲಬ್ಧ, ಮೂರನ್ನೂ ಕೂಡಿ, ಎತ್ತರದಿಂದ ಗುಣಿಸಿ, 12 ಪೈ ಇಂದ ಭಾಗಿಸಿದರೆ ಆ ತುಂಡಿನ ಗಾತ್ರ. ಸುತ್ತಳತೆ 30 ಮತ್ತು 32 ಸೆಂ.ಮೀ. ಇದ್ದರೆ ಸುಮಾರು 306 ಮಿಲಿಲೀಟರ್. ಎಲ್ಲಾ ತುಂಡು ಕೂಡಿಸಿದರೆ ಇಡೀ ಕಾಲು. ಚಿಕಿತ್ಸೆಗೆ ಮೊದಲು ತಂಗಿಯ ಎಡಗಾಲು ಬಲಗಾಲಿಗಿಂತ 24% ದೊಡ್ಡದಿತ್ತು. ಎರಡು ವಾರದ ಮೇಲೆ 11%. ಎಕ್ಸೆಲ್ ಶೀಟಿನಲ್ಲಿ ಆ ನಂಬರ್ ಬಂದಾಗ ಅಪ್ಪ ಇನ್ನೊಂದು ಸಲ ಅಳೆಸಿದರು, ನಂಬಿಕೆ ಬರದೆ.

ಮನೆಗೆ ಬಂದ ಮೇಲೆ ಹಗಲಲ್ಲಿ ಕಂಪ್ರೆಷನ್ ಸ್ಟಾಕಿಂಗ್, ರಾತ್ರಿ ಬ್ಯಾಂಡೇಜ್. ಸುತ್ತೋ ಡ್ಯೂಟಿ ದೊಡ್ಡ ಮಗನದು. ಮೊದಲ ವಾರವೇ ಎಡವಟ್ಟಾಯ್ತು. ಮೀನಖಂಡ ದಪ್ಪ ಇದೆ, ಅಲ್ಲಿ ಜಾಸ್ತಿ ಬಿಗಿಯಬೇಕು ಅಂತ ಬಿಗಿದು ಸುತ್ತಿದೆವು. ಬೆಳಿಗ್ಗೆ ಎದ್ದರೆ ಪಾದ ದಿಂಬಿನ ಥರ ಊದಿತ್ತು. ಫೋನ್ ಮಾಡಿ ಬೈಸಿಕೊಂಡ ಮೇಲೆ ಯಾಕೆ ಹೀಗಾಯ್ತು ಅಂತ ಹುಡುಕಿದಾಗ ಸಿಕ್ಕಿದ್ದು ಲ್ಯಾಪ್ಲಾಸ್! ಹೌದು, ಎಂ-3ರಲ್ಲಿ ನಮ್ಮ ಪ್ರಾಣ ತಿಂದ ಅದೇ ಲ್ಯಾಪ್ಲಾಸ್. ಬ್ಯಾಂಡೇಜಿನ ಸೂತ್ರ ಹೀಗಿದೆ:

ಒತ್ತಡ = 4620 × ಎಳೆತ × ಪದರಗಳು ÷ (ಕಾಲಿನ ಸುತ್ತಳತೆ × ಪಟ್ಟಿಯ ಅಗಲ)

ಒತ್ತಡ ಪಾದರಸದ ಮಿಲಿಮೀಟರಿನಲ್ಲಿ, ಎಳೆತ ಕೆಜಿ ಬಲದಲ್ಲಿ, ಉಳಿದದ್ದು ಸೆಂಟಿಮೀಟರಿನಲ್ಲಿ. 10 ಸೆಂ.ಮೀ. ಅಗಲದ ಪಟ್ಟಿಯನ್ನು 1 ಕೆಜಿ ಎಳೆತದಲ್ಲಿ ಎರಡು ಪದರ ಸುತ್ತಿ ಅಂದುಕೊಳ್ಳಿ. 25 ಸೆಂ.ಮೀ. ಸುತ್ತಳತೆಯ ಕಣಕಾಲಲ್ಲಿ ಒತ್ತಡ 37. ಅದೇ ಎಳೆತದಲ್ಲಿ 40 ಸೆಂ.ಮೀ. ಮೀನಖಂಡದಲ್ಲಿ 23. ಅಂದ್ರೆ ಎಳೆತ ಒಂದೇ ಸಮ ಇಟ್ಟರೆ ಸಾಕು, ಕೆಳಗೆ ಜಾಸ್ತಿ ಮೇಲೆ ಕಮ್ಮಿ ಒತ್ತಡ ತಾನಾಗೇ ಬರುತ್ತೆ, ದ್ರವ ಮೇಲಕ್ಕೆ ಹೋಗುತ್ತೆ. ನಾವು ಬುದ್ಧಿ ಉಪಯೋಗಿಸಿ ಮೇಲೆ ಬಿಗಿದು, ತೂಬಿಗೆ ಕಲ್ಲು ಇಟ್ಟಿದ್ದೆವು. ಅವತ್ತಿನಿಂದ ಅಪ್ಪನ ಅಂಗಡಿಯ ಸ್ಪ್ರಿಂಗ್ ತಕ್ಕಡಿಗೆ ಪಟ್ಟಿಯ ತುದಿ ಸಿಕ್ಕಿಸಿ, ಒಂದು ಕೆಜಿ ಎಳೆತ ಅಂದ್ರೆ ಕೈಗೆ ಹೇಗಿರುತ್ತೆ ಅಂತ ಪ್ರಾಕ್ಟೀಸ್ ಮಾಡಿದೆವು.

2024ರಲ್ಲಿ ಇಲ್ಲಿ ಸೀಟು ಸಿಕ್ಕಿತು. ಖುಷಿಯ ಜೊತೆಗೆ ಒಂದು ಪ್ರಶ್ನೆ: ಇನ್ನು ಮೇಲೆ ಪಟ್ಟಿ ಸುತ್ತೋರು ಯಾರು? ಅಮ್ಮನಿಗೆ ಕೈ ನೋವು, ಅಪ್ಪನ ಕೈ ಒರಟು. ಹಾಸನದಲ್ಲೇ ಕಾಲೇಜ್ ನೋಡೋಣ್ವಾ ಅಂತ ಮನೇಲಿ ಮಾತು ಶುರುವಾಯ್ತು. ತಂಗಿ ಅದನ್ನು ಕೇಳಿಸಿಕೊಂಡು ಬಂದು ಹೇಳಿದಳು: “ನನ್ ಕಾಲಿಗೋಸ್ಕರ ಯಾರೂ ಊರಲ್ಲಿ ಉಳೀಬೇಡಿ. ನಂಗ್ ಕಲ್ಸಿ, ಸಾಕು.” ಎರಡು ವರ್ಷದಲ್ಲಿ ಅವಳಿಗೆ ಕಲಿಸಬೇಕು ಅಂತ ನಮಗೆ ಹೊಳೆದೇ ಇರಲಿಲ್ಲ. ಎಲ್ಲರೂ ಅವಳ ಕಾಲನ್ನು ನೋಡಿಕೊಳ್ತಿದ್ದೆವು, ಅವಳನ್ನು ಬಿಟ್ಟು. ಮೊದಲು ಸುತ್ತೋಕೆ ಮುಕ್ಕಾಲು ಗಂಟೆ ಆಗ್ತಿತ್ತು. ಈಗ ಹನ್ನೆರಡು ನಿಮಿಷ, ಟಿವಿ ನೋಡ್ತಾ.

ಎಲ್ಲಾ ಸಲೀಸಾಗಿ ನಡೀತು ಅಂತ ಅಂದುಕೊಳ್ಳಬೇಡಿ. ಆ ವರ್ಷ ನವೆಂಬರಿನಲ್ಲಿ, ನಮ್ಮ ಮೊದಲ ಇಂಟರ್ನಲ್ಸ್ ವಾರ, ಮಳೆಯಲ್ಲಿ ನೆನೆದ ಸಾಕ್ಸ್‌ನಲ್ಲೇ ತಂಗಿ ಇಡೀ ದಿನ ಇದ್ದಳು. ಬೆರಳ ಸಂದಿಯಲ್ಲಿ ಸಣ್ಣ ಬಿರುಕು. ಎರಡೇ ದಿನಕ್ಕೆ ನಡುಕ, ಜ್ವರ, ಕಾಲು ಕೆಂಡದ ಥರ. ಸೆಲ್ಯುಲೈಟಿಸ್. ಲಿಂಫ್ ಹರಿಯದ ಕಾಲಿನಲ್ಲಿ ಬ್ಯಾಕ್ಟೀರಿಯಾ ಹೊಕ್ಕರೆ ಓಡಿಸೋ ಸೈನ್ಯ ಬೇಗ ಬರಲ್ಲ. ನಾಲ್ಕು ದಿನ ಆಸ್ಪತ್ರೆಯಲ್ಲಿ ಡ್ರಿಪ್‌ನಲ್ಲಿ ಆಂಟಿಬಯಾಟಿಕ್. 11% ಇದ್ದದ್ದು 17%ಕ್ಕೆ ಹೋಯ್ತು, ವಾಪಸ್ ಇಳಿಯೋಕೆ ಮೂರು ತಿಂಗಳು ಬೇಕಾಯ್ತು. ಈಗ ಅವಳ ಬ್ಯಾಗಿನಲ್ಲಿ ಯಾವಾಗಲೂ ಒಂದು ಜೊತೆ ಒಣ ಸಾಕ್ಸ್ ಇರುತ್ತೆ. ಸ್ಟಾಕಿಂಗ್ ಆರಾರು ತಿಂಗಳಿಗೆ ಸಡಿಲ ಆಗಿ ಹೊಸದು ತಗೋಬೇಕು. ಅದರ ದುಡ್ಡಿಗೆ ಅಮ್ಮ ತೆಂಗಿನಕಾಯಿ ಮಾರಿದ್ದರಲ್ಲಿ ಬೇರೆ ಎತ್ತಿಡ್ತಾರೆ.

2025ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮೇಲೆ ತಂಗಿ ಶ್ರವಣಬೆಳಗೊಳಕ್ಕೆ ಹೋಗೋಣ ಅಂದಳು. ನಮ್ಮೂರಿಂದ ಅರ್ಧ ಗಂಟೆ ದಾರಿ, ಆದರೆ ಮೂರು ವರ್ಷದಿಂದ ಹೋಗಿರಲಿಲ್ಲ. ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲನ್ನು ಚಪ್ಪಲಿ ಇಲ್ಲದೆ ಹತ್ತಬೇಕು, ಬಂಡೆ ಕಾದರೆ ಕಾಲು ಸುಡುತ್ತೆ. ಅದಕ್ಕೆ ಬೆಳಿಗ್ಗೆ ಬೇಗನೇ ಹೋದೆವು. ಕೆಳಗೆ ಎಲ್ಲರೂ ಸಾಕ್ಸ್ ಕೊಳ್ತಿದ್ದರು. ತಂಗಿ ಸ್ಟಾಕಿಂಗ್ ಮೇಲೆ ದಪ್ಪ ಸಾಕ್ಸ್ ಹಾಕಿ, ಲೆಗ್ಗಿನ್ಸ್ ಮಡಚಿ ಮೊಣಕಾಲಿನವರೆಗೂ ಏರಿಸಿಕೊಂಡಳು. ಅಜ್ಜಿ ಏನೋ ಹೇಳೋಕೆ ಬಾಯಿ ತೆರೆದು ಸುಮ್ಮನಾದರು. ಹತ್ತುವಾಗ ಒಂದಿಬ್ಬರು ತಿರುಗಿ ನೋಡಿದರು. ನಡುವೆ ಮೂರು ಸಲ ಕೂತೆವು, ಅದರಲ್ಲಿ ಎರಡು ಸಲ ಅಪ್ಪನಿಗೋಸ್ಕರ.

ಮೇಲೆ ಗೊಮ್ಮಟನ ಮುಂದೆ ನಿಂತಾಗ ಕಾಲಿಂದ ತೊಡೆಯವರೆಗೂ ಸುತ್ತಿಕೊಂಡ ಬಳ್ಳಿಯನ್ನೇ ನೋಡ್ತಾ ಇದ್ದಳು. ಆಮೇಲೆ ಮೆಲ್ಲಗೆ, “ಅಣ್ಣಾ, ಒಂದೇ ಸಮ ಎಳ್ದು ಸುತ್ತವ್ರೆ ನೋಡು, ನಿನ್ ಥರ ಅಲ್ಲ” ಅಂದಳು. ಅಮ್ಮ “ದೇವ್ರ ಮುಂದೆ ಏನೇ ಇದು” ಅಂತ ಗದರಿಸಿ, ತಾವೇ ನಕ್ಕುಬಿಟ್ಟರು.

ಈ ವರ್ಷ ಕಾಲೇಜಿಗೆ ಶೂ ತಗೊಂಡಾಗ ಒಂದೇ ಜೊತೆ ಸಾಕಾಯ್ತು. ಸೈಜ್ 6. ಬಲಗಾಲಿಗೆ ಸ್ವಲ್ಪ ಸಡಿಲ, ಎಡಗಾಲಿಗೆ ಸ್ವಲ್ಪ ಬಿಗಿ.

ಇದನ್ನು ಓದಿದ ನಿಮ್ಮಲ್ಲಿ ಯಾರ ಮನೆಯಲ್ಲಾದರೂ ನೋವಿಲ್ಲದೆ ಒಂದೇ ಕಾಲು ಊದಿ, ರಿಪೋರ್ಟ್ ಎಲ್ಲಾ ನಾರ್ಮಲ್ ಬರ್ತಿದ್ದರೆ ಎರಡನೇ ಬೆರಳ ಬುಡದ ಚರ್ಮ ಚಿವುಟಿ ನೋಡಿ. ಎತ್ತೋಕೆ ಬರದಿದ್ದರೆ ಲಿಂಫೆಡಿಮಾ ಇರಬಹುದಾ ಅಂತ ಡಾಕ್ಟರನ್ನು ಕೇಳಿ. ಬಂದರೂ ಊತ ಇಳಿಯದೆ ಇದ್ದರೆ ಕೇಳೋದು ಬಿಡಬೇಡಿ, ಶುರುವಿನಲ್ಲಿ ಈ ಪರೀಕ್ಷೆಗೆ ಸಿಗದೇ ಇರಬಹುದು. ಮತ್ತೆ ಅವರು ಕಾಲು ಭಾರ ಅಂದಾಗ, ದಯವಿಟ್ಟು ಮೊದಲ ಸಲವೇ ನಂಬಿ.